ಸರಪಳಿ ಪದ್ಯ ಮತ್ತು ರಾಜಕೀಯ ವಿಡಂಬನೆ: ವಿಲಿಯಂ ಹೋನನ ಒಂದು ಕಿರುಹೊತ್ತಿಗೆ

ಜನಪದ ರೂಪಗಳು ತಮ್ಮಷ್ಟಕ್ಕೆ ತಾವೇ ಜನಪರವಾದವು ಎಂಬ ನಂಬಿಕೆ ನಮ್ಮ ಜಾನಪದ ಅಧ್ಯಯನದಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಲು 19ನೆಯ ಶತಮಾನದ ಇಂಗ್ಲೆಂಡಿನ ಒಂದು ವಿಡಂಬನ ಕೃತಿ ತಕ್ಕ ಆಕರವಾಗಿದೆ. ವಿಲಿಯಂ ಹೋನ್ ಬರೆದು, ಜಾರ್ಜ್ ಕ್ರೂಕ್‌ಶ್ಯಾಂಕ್ ಚಿತ್ರಿಸಿದ ‘ದಿ ಪೊಲಿಟಿಕಲ್ ಹೌಸ್ ದಟ್ ಜ್ಯಾಕ್ ಬಿಲ್ಟ್’ 1819ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, 50ಕ್ಕೂ ಹೆಚ್ಚು ಮುದ್ರಣಗಳನ್ನು ಕಂಡಿತು.

ಅದೇ ವರ್ಷದ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸಂಸತ್ತಿನ ಸುಧಾರಣೆಯನ್ನು ಕೋರಿ ಶಾಂತವಾಗಿ ನೆರೆದಿದ್ದ ಜನರ ಮೇಲೆ ಅಶ್ವಪಡೆ ಕತ್ತಿ ಬೀಸಿತು. ಕನಿಷ್ಠ 15 ಮಂದಿ ಸತ್ತರು. ನೂರಾರು ಜನ ಗಾಯಗೊಂಡರು. ಇದಕ್ಕೆ ಉತ್ತರವಾಗಿ ಹೋನ್ ಆರಿಸಿಕೊಂಡದ್ದು ಮಕ್ಕಳೆಲ್ಲರ ಬಾಯಲ್ಲಿದ್ದ ಒಂದು ಸರಪಳಿ ಪದ್ಯವನ್ನು. ಈ ಆಯ್ಕೆಯ ಹಿಂದೆ ಅನುಭವವಿತ್ತು. ಪ್ರಾರ್ಥನಾ ಗ್ರಂಥದ ಅಣಕಗಳನ್ನು ಪ್ರಕಟಿಸಿದ ಆರೋಪದ ಮೇಲೆ 1817ರ ಡಿಸೆಂಬರಿನಲ್ಲಿ ಆತನನ್ನು ಸತತ ಮೂರು ದಿನ ಮೂರು ವಿಚಾರಣೆಗಳಿಗೆ ಗುರಿಪಡಿಸಲಾಗಿತ್ತು. ಮೂರರಲ್ಲಿಯೂ ಆತ ಖುಲಾಸೆಗೊಂಡಿದ್ದ. ಧರ್ಮಗ್ರಂಥದ ಅಣಕವನ್ನು ದೈವನಿಂದೆಯೆನ್ನಬಹುದು. ಮಕ್ಕಳ ಪದ್ಯದ ಅಣಕಕ್ಕೆ ಆ ಹೆಸರು ಅಂಟುವುದಿಲ್ಲ.

ಮೂಲ ಪದ್ಯದಲ್ಲಿ ಮನೆಯಲ್ಲಿಟ್ಟ ಧಾನ್ಯವನ್ನು ಇಲಿ ತಿನ್ನುತ್ತದೆ, ಇಲಿಯನ್ನು ಬೆಕ್ಕು ಕೊಲ್ಲುತ್ತದೆ. ಹೋನನ ಕೃತಿಯಲ್ಲಿ ಮನೆಯೇ ರಾಜ್ಯಾಂಗ. ಧಾನ್ಯದ ಜಾಗದಲ್ಲಿ ಮ್ಯಾಗ್ನಾ ಕಾರ್ಟಾ ಮೊದಲಾದ ಹಕ್ಕುಪತ್ರಗಳ ಪೆಟ್ಟಿಗೆ. ಇಲಿಗಳ ಜಾಗದಲ್ಲಿ ಅದನ್ನು ದೋಚುವ ಅಧಿಕಾರವರ್ಗ. ಬೆಕ್ಕಿನ ಸ್ಥಾನದಲ್ಲಿ ಮುದ್ರಣಯಂತ್ರ. ಇದಕ್ಕಿಂತ ಸೂಕ್ಷ್ಮವಾದದ್ದು ವಿಶೇಷಣಗಳ ಸ್ಥಳಾಂತರ. ಮೂಲದಲ್ಲಿ ಪಾದ್ರಿಗೆ ಸಲ್ಲುತ್ತಿದ್ದ ಕ್ಷೌರದ ವರ್ಣನೆ ಇಲ್ಲಿ ಪದಕಗಳಿಂದ ತುಂಬಿದ ರಾಜಪ್ರತಿನಿಧಿಗೆ ಅಂಟಿದರೆ, ಒಬ್ಬ ಬಡ ಪ್ರೇಮಿಯ ಹರಕು ಬಟ್ಟೆ ಇಡೀ ಪ್ರಜಾವರ್ಗದ ಉಡುಗೆಯಾಗುತ್ತದೆ.

ಸರಪಳಿ ರೂಪದ ನಿಜವಾದ ಕಾರ್ಯ ಇರುವುದು ಇಲ್ಲಿಯೇ. ಕತ್ತಿಯೇಟು ತಿಂದ ಜನ, ಏಟು ಕೊಟ್ಟ ಸವಾರರು, ಆ ಸವಾರರಿಗೆ ವಂದನೆ ಸಲ್ಲಿಸಿದ ರಾಜಪ್ರತಿನಿಧಿ ಒಂದೇ ವಾಕ್ಯದೊಳಗೆ ಕೊಂಡಿಗೂಡುತ್ತಾರೆ. ಆ ವಂದನೆ ಕಲ್ಪನೆಯಲ್ಲ, ನಡೆದ ಸಂಗತಿ. ಕೊಂಡಿಯನ್ನು ಕಳಚಿದರೆ ಪದ್ಯವೇ ನಿಲ್ಲದು. ಆದ್ದರಿಂದ ಹೊಣೆಯಿಂದ ಯಾರೂ ಜಾರಿಕೊಳ್ಳಲಾಗದು. ಸರಪಳಿ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಬಿಗಿ ಅಪರಿಚಿತವಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಕನ್ನಡದ ಕೃದಂತ ರಚನೆಯಲ್ಲಿ ಮನೆ ಮೊದಲು ಬಂದು ಹೊಸ ಪಾತ್ರ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಪ್ರತಿಯೊಂದು ಆವರ್ತನೆಯೂ ಹೊಸ ಪಾತ್ರದಿಂದ ಹೊರಟು ಜ್ಯಾಕನ ಮನೆಗೇ ಮರಳುತ್ತದೆ. ಪ್ರತಿಯೊಂದು ಅನ್ಯಾಯದ ಕೊನೆಗೂ ರಾಜ್ಯಾಂಗ ಸಾಕ್ಷಿಯಾಗಿ ನಿಲ್ಲುತ್ತದೆ.

ಹಾಗೆಂದು ಈ ರೂಪವೇ ಸುಧಾರಣಾವಾದಿಯಾಗಿತ್ತೆಂದು ತೀರ್ಮಾನಿಸಲಾಗದು. ಪ್ರಭುತ್ವದ ಬೆಂಬಲಿಗರು ಇದೇ ಪದ್ಯವನ್ನು ಬಳಸಿ, ನಿಜವಾದ ರಾಜ್ಯಾಂಗದ ಮನೆ ತಮ್ಮದೆಂದು ಸಾರುವ ಎದುರು ಹೊತ್ತಿಗೆಯನ್ನು ಹೊರತಂದರು. ಅವರಿಗೂ ಅದೇ ಲಯ, ಅದೇ ಜನಪ್ರಿಯತೆ ಸಿದ್ಧವಾಗಿ ದೊರೆಯಿತು. ರೂಪವು ಸ್ಮರಣೆಯನ್ನು ಒದಗಿಸುತ್ತದೆ, ನಿಲುವನ್ನು ಒದಗಿಸುವುದಿಲ್ಲ. ಹೋನನ ಪದ್ಯಕ್ಕೆ ಬಲ ತಂದದ್ದು ಮ್ಯಾಂಚೆಸ್ಟರಿನ ಘಟನೆ. ಚಿತ್ರಕಾರನ ನಿಲುವೂ ಸ್ಥಿರವಾಗಿರಲಿಲ್ಲ: ರಾಜನನ್ನು ಅನೈತಿಕ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂದು ಮಾತು ಕೊಟ್ಟು ಕ್ರೂಕ್‌ಶ್ಯಾಂಕ್ 1820ರಲ್ಲಿ 100 ಪೌಂಡು ಪಡೆದ.

ಕೃತಿಯ ಮಿತಿಯನ್ನೂ ಹೇಳಬೇಕು. ಬಡವರ ಮನೆಯಲ್ಲಿಯೂ ಬಿಟ್ಟಿಯಾಗಿ ಓಡಾಡುತ್ತಿದ್ದ ಪದ್ಯ ಒಂದು ಶಿಲಿಂಗಿನ ಸರಕಾಗಿ ಮರಳಿತು. 1832ರ ಸುಧಾರಣಾ ಕಾಯಿದೆ ಮತದಾನದ ಹಕ್ಕನ್ನು ಮುಖ್ಯವಾಗಿ ಮಧ್ಯಮವರ್ಗದ ಗಂಡಸರಿಗೆ ವಿಸ್ತರಿಸಿತು. ಕೊನೆಯ ಪುಟಗಳ ಹರಕು ಬಟ್ಟೆಯ ಜನ ಬಹುಪಾಲು ಮನೆಯ ಹೊರಗೇ ಉಳಿದರು. ಒಂದು ಜನಪದ ರೂಪವನ್ನು ಪ್ರತಿರೋಧವೆಂದು ಕರೆಯುವ ಮುನ್ನ ಅದು ಯಾರ ಕೈಯಲ್ಲಿ, ಯಾವ ಬೆಲೆಗೆ, ಯಾವ ಘಟನೆಗೆ ಉತ್ತರವಾಗಿ ಮುದ್ರಣಗೊಂಡಿತೆಂಬುದನ್ನು ಸಂಶೋಧಕನು ಕೇಳಲೇಬೇಕು.