ವಾಯಿದೆಯೂ ವಾಕ್ಯವೂ: ಸಾಂಕ್ರಾಮಿಕ ಕಾಲದ ಕೆಲವು ನ್ಯಾಯಾಜ್ಞೆಗಳ ವಿಮರ್ಶೆ

ನ್ಯಾಯಾಲಯದ ಆಜ್ಞೆಗಳನ್ನು ವಿಮರ್ಶೆಯ ವಸ್ತುವೆಂದು ಎಣಿಸುವ ವಾಡಿಕೆ ಕನ್ನಡದಲ್ಲಿ ಹೆಚ್ಚಾಗಿ ಇಲ್ಲ. ಆದರೆ ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ ಓದಿ ಪಳಗಿದ ವಿದ್ವಾಂಸರಿಗೆ ಈ ಕಾರ್ಯವು ಅಪರಿಚಿತವೆನಿಸಲಾರದು. ದಾನಶಾಸನದಲ್ಲಿ ಎಲ್ಲೆಯನ್ನು ಸೂಚಿಸುವ ಒಂದು ಪದವು ಸಡಿಲವಾದರೆ ಎರಡು ಊರುಗಳ ನಡುವೆ ವ್ಯಾಜ್ಯವು ಹುಟ್ಟುವುದು. ಕಾಲದ ಎಲ್ಲೆಯನ್ನು ಸೂಚಿಸುವ ಪದವು ಸಡಿಲವಾದರೆ ಆಗುವ ಹಾನಿಯು ಅದಕ್ಕಿಂತ ಕಡಿಮೆಯದಲ್ಲ. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ವ್ಯಾಜ್ಯಗಳ ವಾಯಿದೆಯನ್ನು ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯವು ಹೊರಡಿಸಿದ ಆಜ್ಞೆಗಳು ಈ ಮಾತಿಗೆ ನಿದರ್ಶನವಾಗಿರುವುವು. ಅವುಗಳ ಉದ್ದೇಶವು ಲೋಕಹಿತವೆಂಬುದರಲ್ಲಿ ವಿವಾದವಿಲ್ಲ. ಅವುಗಳ ವಾಕ್ಯಗಳು ಆ ಉದ್ದೇಶವನ್ನು ಎಷ್ಟರ ಮಟ್ಟಿಗೆ ನೆರವೇರಿಸಿದುವೆಂಬುದೇ ಪ್ರಕೃತ ವಿಚಾರ.

ವಾಯಿದೆಯ ತತ್ತ್ವವು ಇಂಗ್ಲಿಷರೊಡನೆ ಈ ದೇಶಕ್ಕೆ ಬಂದುದೆಂದು ಭಾವಿಸುವವರುಂಟು. ಚಾಲುಕ್ಯ ವಿಕ್ರಮಾದಿತ್ಯನು ಆಳುತ್ತಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವನ್ನು ನೋಡಿದರೆ ಈ ಭಾವನೆಯು ನಿಲ್ಲದು. ತನ್ನ ಭೂಮಿಯನ್ನು ಪರರು ಅನುಭವಿಸುತ್ತಿರುವುದನ್ನು ಕಂಡೂ ಸುಮ್ಮನಿದ್ದವನಿಗೆ 20 ವರ್ಷಗಳಲ್ಲಿ, ಧನದ ವಿಷಯದಲ್ಲಾದರೆ 10 ವರ್ಷಗಳಲ್ಲಿ, ಹಾನಿಯುಂಟಾಗುವುದೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸುತ್ತದೆ. ಹಾನಿಯೆಂದರೆ ಯಾವುದರ ಹಾನಿ? ಅದು ಫಲದ ಹಾನಿಯೇ ಹೊರತು ಭೂಮಿಯ ಹಾನಿಯಲ್ಲವೆಂದು ವಿಜ್ಞಾನೇಶ್ವರನು ನಿರ್ಣಯಿಸುತ್ತಾನೆ. ಅಡವು, ನ್ಯಾಸ, ಬಾಲಕರ ಧನ ಮೊದಲಾದುವಕ್ಕೆ ಈ ನಿಯಮವು ತಗಲದೆಂದು ಸ್ಮೃತಿಯಲ್ಲಿಯೇ ಹೇಳಿದೆ. ಒಂದು ಪದದ ಅರ್ಥವನ್ನು ಬಿಗಿಗೊಳಿಸಿ ಒಡೆಯನ ಸ್ವತ್ತನ್ನು ಉಳಿಸಿಕೊಟ್ಟ ಈ ವ್ಯಾಖ್ಯಾನಪದ್ಧತಿಯನ್ನು ಪ್ರಕೃತ ವಿಚಾರಕ್ಕೆ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು.

ಈಗ ಜಾರಿಯಲ್ಲಿರುವ 1963ರ ಲಿಮಿಟೇಷನ್ ಆಕ್ಟಿನ 3ನೆಯ ಪ್ರಕರಣದಂತೆ, ವಾಯಿದೆ ಮೀರಿದ ದಾವೆಯನ್ನು ಪ್ರತಿವಾದಿಯು ಆಕ್ಷೇಪಿಸದಿದ್ದರೂ ನ್ಯಾಯಾಲಯವು ವಜಾ ಮಾಡಲೇಬೇಕು. ಈ ಕಠಿಣ ನಿಯಮವನ್ನು ಆಕ್ಟು ತಾನೇ ಹಲವು ಬಗೆಯಲ್ಲಿ ಮೃದುಗೊಳಿಸಿದೆ. ಕಡೆಯ ದಿನ ನ್ಯಾಯಾಲಯವು ಮುಚ್ಚಿದ್ದರೆ ಅದು ತೆರೆದ ದಿನ ದಾವೆಯನ್ನು ಹೂಡಬಹುದೆಂಬುದು 4ನೆಯ ಪ್ರಕರಣ. ಅಪೀಲು ಮತ್ತು ಅರ್ಜಿಗಳಲ್ಲಿ ತಕ್ಕ ಕಾರಣವನ್ನು ತೋರಿಸಿದರೆ ಅವಧಿಯನ್ನು ವಿಸ್ತರಿಸಬಹುದೆಂಬುದು 5ನೆಯದು. ತೀರ್ಪಿನ ನಕಲನ್ನು ಪಡೆಯಲು ಹಿಡಿದ ಕಾಲವೇ ಮೊದಲಾದುದನ್ನು ಲೆಕ್ಕದಿಂದ ಕಳೆಯಬೇಕೆಂಬುದು 12ನೆಯದು. ವಿಸ್ತರಣವೂ ವರ್ಜನವೂ ಇಲ್ಲಿ ಬೇರೆ ಬೇರೆ ಕಲ್ಪನೆಗಳು. ವಿಸ್ತರಣದಲ್ಲಿ ಕಾಲವು ನಡೆಯುತ್ತಲೇ ಇರುವುದು, ಎಲ್ಲೆಯ ಕಲ್ಲು ಮಾತ್ರ ಮುಂದಕ್ಕೆ ಸರಿಯುವುದು. ವರ್ಜನದಲ್ಲಿ ನಡೆಯುತ್ತಿದ್ದ ಕಾಲವೇ ನಿಂತು, ಅಡ್ಡಿಯು ಕಳೆದ ಮೇಲೆ ಉಳಿದ ದಾರಿಯನ್ನು ಮುಂದುವರಿಸುವುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಆಜ್ಞೆಗಳನ್ನು ಓದಬೇಕು.

ಮುಖ್ಯ ನ್ಯಾಯಾಧೀಶ ಎಸ್. ಎ. ಬೋಬ್ಡೆ, ಎಲ್. ನಾಗೇಶ್ವರ ರಾವ್ ಮತ್ತು ಸೂರ್ಯಕಾಂತ್ ಇವರ ಪೀಠವು ಮೊದಲನೆಯ ಆಜ್ಞೆಯನ್ನು 2020ನೆಯ ಮಾರ್ಚ್ 23ರಂದು ಹೊರಡಿಸಿತು. ಯಾರ ಅರ್ಜಿಯನ್ನೂ ಕಾಯದೆ ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು; ಸಂವಿಧಾನದ 142 ಮತ್ತು 141ನೆಯ ಅನುಚ್ಛೇದಗಳ ಬಲದಿಂದ ಎಲ್ಲ ಕೋರ್ಟುಗಳನ್ನೂ ಟ್ರಿಬ್ಯೂನಲುಗಳನ್ನೂ ಬದ್ಧಗೊಳಿಸಿತು. ಕಕ್ಷಿಗಾರರೂ ವಕೀಲರೂ ಸ್ವತಃ ಕೋರ್ಟಿಗೆ ಬಂದು ಕಾಗದಗಳನ್ನು ಸಲ್ಲಿಸುವ ಕಷ್ಟವನ್ನು ತಪ್ಪಿಸುವುದೇ ಉದ್ದೇಶವೆಂದು ಹೇಳಿತು. ಸಾಮಾನ್ಯ ಕಾನೂನಿನದಾಗಲಿ ವಿಶೇಷ ಕಾನೂನಿನದಾಗಲಿ, ವಿಳಂಬವನ್ನು ಮನ್ನಿಸಬಹುದಾದುದಾಗಲಿ ಆಗದುದಾಗಲಿ, ಎಲ್ಲ ವಾಯಿದೆಯೂ ಮಾರ್ಚ್ 15ರಿಂದ ಮುಂದಿನ ಆಜ್ಞೆಯವರೆಗೆ ವಿಸ್ತೃತವಾಗಿರುವುದೆಂಬುದು ಅದರ ಸಾರ. ದೇಶವೆಲ್ಲ ಮನೆಯೊಳಗೆ ಕುಳಿತುಕೊಳ್ಳುವುದಕ್ಕೆ ಎರಡು ದಿನ ಮೊದಲೇ ಹೊರಟ ಈ ಆಜ್ಞೆಯ ದೂರದೃಷ್ಟಿಯು ಶ್ಲಾಘನೀಯ. ಆದರೆ ಅದರ ಮುಖ್ಯ ಕ್ರಿಯಾಪದವು ವಿಸ್ತರಣದ್ದು. ಎಲ್ಲಿಯವರೆಗೆ ವಿಸ್ತರಣ, ಉಳಿದಿದ್ದ ದಿನಗಳ ಗತಿಯೇನು, ವಾಯಿದೆಯೆಂಬ ಮಾತಿನಲ್ಲಿ ಯಾವ ಯಾವ ಅವಧಿಗಳು ಅಡಗಿವೆ ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿರಲಿಲ್ಲ.

ಮೂರನೆಯ ಪ್ರಶ್ನೆಯು ಮೊದಲು ತಲೆಯೆತ್ತಿತು. ಅದೂ ಒಬ್ಬ ಮನುಷ್ಯನ ಬಂಧವಿಮೋಚನೆಯ ಪ್ರಸಂಗದಲ್ಲಿ. ಆಗ ಜಾರಿಯಲ್ಲಿದ್ದ 1973ರ ದಂಡಪ್ರಕ್ರಿಯಾ ಸಂಹಿತೆಯ 167ನೆಯ ಪ್ರಕರಣದಂತೆ, ಪೊಲೀಸರು ಅಪರಾಧದ ಸ್ವರೂಪಕ್ಕನುಸಾರವಾಗಿ 60 ಅಥವಾ 90 ದಿನಗಳೊಳಗೆ ದೋಷಾರೋಪಣ ಪಟ್ಟಿಯನ್ನು ಸಲ್ಲಿಸದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತಿದ್ದಿತು. ಈ ಅವಧಿಯೂ ವಿಸ್ತೃತವಾಯಿತೆಂದು ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಾಧೀಶರು ಆಜ್ಞೆಯನ್ನು ಓದಿದರು; ಅದೇ ಹೈಕೋರ್ಟಿನ ಇನ್ನೊಬ್ಬರು ಇದಕ್ಕೆ ಮೊದಲೇ ವಿರುದ್ಧವಾಗಿ ಓದಿದ್ದರು. 2020ನೆಯ ಜೂನ್ 19ರಂದು ಸರ್ವೋಚ್ಚ ನ್ಯಾಯಾಲಯವು ಮೊದಲು ಹೇಳಿದವರ ಮತವನ್ನು ತಳ್ಳಿಹಾಕಿ, ಆಜ್ಞೆಯು ಕಕ್ಷಿಗಾರರ ಅನುಕೂಲಕ್ಕಾಗಿ ಹುಟ್ಟಿತೇ ಹೊರತು ಪೊಲೀಸರ ಅನುಕೂಲಕ್ಕಾಗಿ ಅಲ್ಲವೆಂದೂ, ಲಾಕ್‌ಡೌನನ್ನು ತುರ್ತುಪರಿಸ್ಥಿತಿಯ ಘೋಷಣೆಗೆ ಸಮಾನವೆಂದು ಎಣಿಸುವುದು ತಪ್ಪೆಂದೂ ನಿರ್ಣಯಿಸಿತು. ತಾತ್ಪರ್ಯವನ್ನು ಹಿಡಿದು ಅಕ್ಷರವನ್ನು ಸಂಕೋಚಗೊಳಿಸಿದ ಈ ವ್ಯಾಖ್ಯಾನವು ಮಿತಾಕ್ಷರದ ದಾರಿಯದು. ಆದರೂ ಸೆರೆಯಲ್ಲಿದ್ದವನೊಬ್ಬನು ಪದವೊಂದರ ಅರ್ಥಕ್ಕಾಗಿ ದೆಹಲಿಯವರೆಗೆ ವ್ಯಾಜ್ಯವಾಡಬೇಕಾಯಿತೆಂಬುದನ್ನು ಮರೆಯಲಾಗದು.

ಅದೇ ವರ್ಷದ ಸೆಪ್ಟೆಂಬರ್ 18ರಂದು ತೀರ್ಪಾದ ಅಪ್ಪರ್ ಅಸ್ಸಾಂ ಪ್ಲೈವುಡ್ ಕಂಪನಿಯ ಪ್ರಕರಣದಲ್ಲಿ ವ್ಯಾಖ್ಯಾನವು ಬೇರೆ ದಾರಿಯನ್ನು ಹಿಡಿಯಿತು. ಕಂಪನಿಗಳ ಆಕ್ಟಿನಂತೆ ಅಪೀಲಿಗೆ 45 ದಿನ. ತಕ್ಕ ಕಾರಣವಿದ್ದರೆ ಮತ್ತೆ 45 ದಿನಗಳವರೆಗಿನ ವಿಳಂಬವನ್ನು ಮನ್ನಿಸಬಹುದು. ಅಪೀಲುದಾರರ ಮೊದಲ ಅವಧಿಯು ಫೆಬ್ರವರಿ 2ಕ್ಕೂ ಎರಡನೆಯದು ಮಾರ್ಚ್ 18ಕ್ಕೂ ಮುಗಿದಿದ್ದುವು. ಅಪೀಲು ಸಲ್ಲಿದುದು ಜುಲೈ 20ರಂದು. ವಿಸ್ತೃತವಾದುದು ವಾಯಿದೆ ಮಾತ್ರ, ವಿಳಂಬವನ್ನು ಮನ್ನಿಸುವ ಅಧಿಕಾರದ ಅವಧಿಯಲ್ಲ. ಆಜ್ಞೆಯು ಎಚ್ಚರದಿಂದಿದ್ದವರಿಗಾಗಿ ಎಂದು ಹೇಳಿ ನ್ಯಾಯಾಲಯವು ಅಪೀಲನ್ನು ತಿರಸ್ಕರಿಸಿತು. ಶಬ್ದಮಾತ್ರವನ್ನು ನೋಡಿದರೆ ಈ ಅರ್ಥವು ಅಸಾಧುವಲ್ಲ. ಆದರೆ ಮನ್ನಿಸಬಹುದಾದುದು, ಮನ್ನಿಸಲಾಗದುದು ಎಂಬ ಎರಡನ್ನೂ ಆಜ್ಞೆಯು ತಾನೇ ಹೆಸರಿಸಿದ್ದಿತು. ಆ ವಿಶಾಲವಾದ ಮಾತಿನಲ್ಲಿ ಆಶ್ರಯವಿದೆಯೆಂದು ನಂಬಿದವರನ್ನು ಕೇವಲ ಅಜಾಗರೂಕರೆನ್ನುವುದು ಕಠಿಣವಾಗುವುದು.

2021ನೆಯ ಮಾರ್ಚ್ 8ರ ಆಜ್ಞೆಯಲ್ಲಿ ಭಾಷೆಯು ಬದಲಾಯಿತು. ವಿಸ್ತರಣದ ಸ್ಥಾನದಲ್ಲಿ ವರ್ಜನವು ಬಂದಿತು: 15-3-2020ರಿಂದ 14-3-2021ರವರೆಗಿನ ಕಾಲವನ್ನು ಲೆಕ್ಕದಿಂದ ಕಳೆಯತಕ್ಕುದು, 15-3-2020ರಲ್ಲಿ ಉಳಿದಿದ್ದ ದಿನಗಳು ಮರಳಿ ದೊರೆಯತಕ್ಕುವು, ನಡುವೆ ವಾಯಿದೆ ಮುಗಿಯಬೇಕಾಗಿದ್ದವರಿಗೆ 90 ದಿನಗಳು, ಉಳಿದುದು ಅದಕ್ಕಿಂತ ಹೆಚ್ಚಾಗಿದ್ದರೆ ಆ ಹೆಚ್ಚಿನದು. ಅಲ್ಲದೆ, ವಿಳಂಬವನ್ನು ಮನ್ನಿಸಬಹುದಾದ ಹೊರ ಎಲ್ಲೆಯನ್ನೂ ಈ ಆಜ್ಞೆಯು ಹೆಸರೆತ್ತಿ ಹೇಳಿತು. ಅಸ್ಸಾಮಿನ ಅಪೀಲುದಾರರ ಹೊರ ಎಲ್ಲೆಯಾದ ಮಾರ್ಚ್ 18 ಈ ವರ್ಜಿತ ಕಾಲದೊಳಗೆಯೇ ಬೀಳುವುದು. ಆರು ತಿಂಗಳ ಹಿಂದೆ ಇದೇ ವಾಕ್ಯವಿದ್ದಿದ್ದರೆ ಅವರ ಅಪೀಲಿನ ಗತಿಯು ಬೇರೆಯಾಗುತ್ತಿದ್ದಿತೆಂದು ಊಹಿಸಲು ಅವಕಾಶವುಂಟು. ವಾಣಿಜ್ಯ ದಾವೆಗಳಲ್ಲಿ ಲಿಖಿತ ಹೇಳಿಕೆಯನ್ನು ಸಲ್ಲಿಸಲು ಇರುವ 120 ದಿನಗಳ ಎಲ್ಲೆಗೆ ಈ ವರ್ಜನವು ಅನ್ವಯಿಸುವುದೆಂದು 2022 ಮತ್ತು 2023ರ ತೀರ್ಪುಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿ, ಅಸ್ಸಾಂ ಪ್ರಕರಣದ ಕಟ್ಟನ್ನು ಸಡಿಲಿಸಿತು.

ಎರಡನೆಯ ಅಲೆಯಿಂದಾಗಿ 2021ನೆಯ ಏಪ್ರಿಲ್ 27ರಂದು ಹಳೆಯ ಆಜ್ಞೆಯು ಮತ್ತೆ ಜೀವ ಪಡೆಯಿತು, ಸೆಪ್ಟೆಂಬರಿನಲ್ಲಿ ಅಂತ್ಯವಾಯಿತು, 2022ನೆಯ ಜನವರಿ 10ರಂದು ಇನ್ನೊಮ್ಮೆ ಮುಂದುವರಿದು 28-2-2022ಕ್ಕೆ ಮುಗಿಯಿತು. ಎರಡು ಕೊನೆಯ ದಿನಗಳನ್ನೂ ಸೇರಿಸಿದರೆ ಲೆಕ್ಕದಿಂದ ಕಳೆದುಹೋದುದು 716 ದಿನ. ಇದರ ಫಲವನ್ನು 2024ನೆಯ ಮಾರ್ಚ್ 1ರಂದು ತೀರ್ಪಾದ ಒಂದು ಪಂಚಾಯಿತಿ ಪ್ರಕರಣದಲ್ಲಿ ನೋಡಬಹುದು. ಅಲ್ಲಿಯ ಮೂರು ವರ್ಷದ ವಾಯಿದೆಯು 27-3-2021ಕ್ಕೆ ಮುಗಿಯಬೇಕಾಗಿದ್ದಿತು. 15-3-2020ರಲ್ಲಿ ಉಳಿದಿದ್ದುದು 1 ವರ್ಷ 13 ದಿನ. ಅದು 1-3-2022ರಿಂದ ಮತ್ತೆ ನಡೆದು 13-3-2023ಕ್ಕೆ ಮುಗಿಯಿತೆಂದು ನ್ಯಾಯಾಲಯವು ಲೆಕ್ಕಮಾಡಿತು. ವಿಸ್ತರಣದ ಭಾಷೆಯೊಂದೇ ಉಳಿದಿದ್ದರೆ ಈ ಲೆಕ್ಕವು ಇಷ್ಟು ನಿಸ್ಸಂದಿಗ್ಧವಾಗಿ ಬರುತ್ತಿರಲಿಲ್ಲ.

ತಿದ್ದಿದ ಭಾಷೆಯೂ ದೋಷರಹಿತವೆನ್ನುವಂತಿಲ್ಲ. ಚೆಕ್ಕುಗಳ ಅಮಾನ್ಯತೆಗೆ ಸಂಬಂಧಿಸಿದ 138ನೆಯ ಪ್ರಕರಣದ ‘ಬಿ’ ಮತ್ತು ‘ಸಿ’ ಉಪಬಂಧಗಳೆರಡನ್ನೂ ಆಜ್ಞೆಯು ಒಂದೇ ಉಸಿರಿನಲ್ಲಿ ಹೇಳುತ್ತದೆ. ಮೊದಲನೆಯದು ಹಣ ಬರಬೇಕಾದವನು ನೋಟೀಸು ಕೊಡುವ 30 ದಿನ. ಎರಡನೆಯದು ಚೆಕ್ಕು ಕೊಟ್ಟವನು ಹಣ ಸಲ್ಲಿಸುವ 15 ದಿನ. ಕೋರ್ಟಿಗೆ ಬರುವ ಕಷ್ಟವನ್ನು ತಪ್ಪಿಸಲು ಹೊರಟ ಮಾತು ಸಾಲ ತೀರಿಸುವ ಅವಧಿಯನ್ನೂ ಹೀಗೆ ಒಳಗೊಂಡಿತು.

ಅಂಥ ವಿಪತ್ತಿನ ನಡುವೆ ಪದಗಳನ್ನು ತೂಗಲು ಬಿಡುವೆಲ್ಲಿದ್ದಿತೆಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ರೋಗವು ಎಷ್ಟು ಕಾಲ ನಿಲ್ಲುವುದೆಂಬುದು ಆ ಮಾರ್ಚ್ ತಿಂಗಳಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೊನೆಯ ದಿನವನ್ನು ಗೊತ್ತುಮಾಡದಿದ್ದುದು ದೋಷವಲ್ಲ. ಆದರೆ ವಿಸ್ತರಣ, ವರ್ಜನ ಎಂಬ ಎರಡು ಪದಗಳು ಹೊಸದಾಗಿ ಸೃಷ್ಟಿಸಬೇಕಾದುವಾಗಿರಲಿಲ್ಲ. 1963ರ ಆಕ್ಟಿನ 5 ಮತ್ತು 12ನೆಯ ಪ್ರಕರಣಗಳ ಶೀರ್ಷಿಕೆಗಳಲ್ಲಿಯೇ ಅವು ಬೇರೆ ಬೇರೆಯಾಗಿ ನಿಂತಿದ್ದುವು. ತಕ್ಕ ಪದವು ನ್ಯಾಯಾಲಯದ ಬಾಯಿಗೆ ಬರಲು ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಬಂದ ಸಂದೇಹದ ವೆಚ್ಚವನ್ನು ಕೊಟ್ಟವರು ಆಜ್ಞೆಯನ್ನು ಬರೆದವರಲ್ಲ. ಅದನ್ನು ನಂಬಿ ಕಾದವರು. ನ್ಯಾಯದ ಭಾಷೆಯನ್ನು ಕನ್ನಡದಲ್ಲಿ ಬೆಳೆಸಲು ಹೊರಟವರು ಈ ಎರಡು ಪದಗಳ ಭೇದವನ್ನು ತಮ್ಮ ಕೋಶಗಳಲ್ಲಿ ಸ್ಪಷ್ಟವಾಗಿ ಗುರುತಿಸಿಡುವುದು ಉಚಿತ.