ಡಾಂಟೆಯ ಮಹಾಕಾವ್ಯದಲ್ಲಿ ನ್ಯಾಯವಿಚಾರ

ವ್ಯಾಜ್ಯದಲ್ಲಿ ಸೋತ ಕಕ್ಷಿಗಾರನೇ ಧರ್ಮಾಸನವನ್ನೇರಿ ತನ್ನ ವಿರೋಧಿಗಳಿಗೆ ಶಿಕ್ಷೆ ವಿಧಿಸಿದರೆ ಅದನ್ನು ನ್ಯಾಯವೆನ್ನಬಹುದೆ, ಸೇಡೆನ್ನಬೇಕೆ? ಇಟಲಿಯ ಮಹಾಕವಿ ಡಾಂಟೆಯ (1265–1321) ‘ಡಿವೈನ್ ಕಾಮೆಡಿ’ಯನ್ನು ಓದುವವರಿಗೆ ಈ ಪ್ರಶ್ನೆಯು ಮತ್ತೆ ಮತ್ತೆ ಎದುರಾಗುತ್ತದೆ. ನರಕ, ಶುದ್ಧಿಲೋಕ, ಸ್ವರ್ಗ ಎಂಬ ಮೂರು ಕಾಂಡಗಳ ನೂರು ಸರ್ಗಗಳಲ್ಲಿ ಕವಿಯು ಪೋಪರನ್ನೂ ಚಕ್ರವರ್ತಿಗಳನ್ನೂ ತನ್ನ ಊರಿನವರನ್ನೂ ಹೆಸರಿಟ್ಟು ಕರೆದು ತೀರ್ಪನ್ನು ಸಾರುತ್ತಾನೆ. ಆ ತೀರ್ಪು ದೇವರದೆಂದು ಕಾವ್ಯವು ಹೇಳುತ್ತದೆ. ಬರೆದ ಕೈ ಮಾತ್ರ ದೇಶಭ್ರಷ್ಟನೊಬ್ಬನದು.

ಆ ಕಾಲದ ಫ್ಲಾರೆನ್ಸ್ ಒಡೆದ ಮನೆಯಾಗಿತ್ತು. ಚಕ್ರವರ್ತಿಯ ಕಡೆಯವರಾದ ಗಿಬೆಲ್ಲೀನರನ್ನು ಹೊರದೂಡಿದ ಗ್ವೆಲ್ಫರು ತಾವೇ ಬಿಳಿಯರು, ಕರಿಯರು ಎಂದು ಇಬ್ಭಾಗವಾದರು. 1300ರ ಬೇಸಗೆಯಲ್ಲಿ ಡಾಂಟೆಯು ಎರಡು ತಿಂಗಳ ಕಾಲ ನಗರದ ಅಧಿಕಾರಿಗಳಲ್ಲೊಬ್ಬನಾಗಿದ್ದನು. ಆಗ ಆ ಅಧಿಕಾರಮಂಡಲವು ಎರಡು ಪಂಗಡಗಳ ಮುಖಂಡರನ್ನೂ ಗಡೀಪಾರು ಮಾಡಿತು. ಕವಿಯ ಪರಮಮಿತ್ರನಾದ ಗ್ವೀಡೋ ಕಾವಲ್ಕಾಂತಿಯೂ ಅವರಲ್ಲೊಬ್ಬನು. 1301ರಲ್ಲಿ ಎಂಟನೆಯ ಬೋನಿಫೇಸ್ ಪೋಪನ ಬೆಂಬಲದಿಂದ ಕರಿಯರು ಮೇಲುಗೈಯಾದರು. 1302ರ ಜನವರಿಯಲ್ಲಿ, ಡಾಂಟೆಯು ಊರಿನಲ್ಲಿಲ್ಲದಿರುವಾಗ, ಅಧಿಕಾರದಲ್ಲಿದ್ದು ಲಂಚ ತಿಂದನೆಂಬ ಆರೋಪವನ್ನು ಹೊರಿಸಿ ಅವನಿಗೆ ದಂಡವನ್ನೂ ಗಡೀಪಾರನ್ನೂ ವಿಧಿಸಿದರು. ಮಾರ್ಚಿಯಲ್ಲಿ, ಕೈಗೆ ಸಿಕ್ಕಿದರೆ ಬೆಂಕಿಯಲ್ಲಿ ಸುಡಬೇಕೆಂದು ತೀರ್ಮಾನಿಸಿದರು. ಅವನು ಮತ್ತೆ ತನ್ನ ಊರನ್ನು ಕಾಣಲಿಲ್ಲ.

ಈ ಹಿನ್ನೆಲೆಯಲ್ಲಿ ನರಕಕಾಂಡದ 21, 22ನೆಯ ಸರ್ಗಗಳನ್ನು ನೋಡಬೇಕು. ಅಲ್ಲಿ ಕುದಿಯುವ ಡಾಂಬರಿನಲ್ಲಿ ಮುಳುಗಿರುವವರು ಲಂಚಕೋರರು. ಎಂದರೆ ಕವಿಯ ಮೇಲೆ ಹೊರಿಸಿದ ಪಾಪವನ್ನೇ ಮಾಡಿದವರು. ತನ್ನನ್ನು ಹಳಿದ ನ್ಯಾಯಾಧಿಪತಿಗಳನ್ನು ಆ ಮಡುವಿಗೆ ನೂಕಲು ಇದಕ್ಕಿಂತ ಒಳ್ಳೆಯ ಅವಕಾಶವುಂಟೆ? ಆದರೆ ಅಲ್ಲಿ ಕಾಣುವವರು ಲುಕ್ಕಾ, ನವಾರ್, ಸಾರ್ಡೀನಿಯಗಳವರು. ಕವಿಯನ್ನು ದಂಡಿಸಿದವರ ಹೆಸರೇ ಇಲ್ಲ. ತಾನು ನಿರಪರಾಧಿಯೆಂಬ ವಾದವೂ ಇಲ್ಲ. ಯಾತ್ರಿಕನಾದ ಡಾಂಟೆಯು ವರ್ಜಿಲನ ಮಾತಿನಂತೆ ಬಂಡೆಯ ಮರೆಯಲ್ಲಿ ಕುಳಿತು ನಡುಗುತ್ತಾನೆ. ಪಿಶಾಚಿಗಳು ಪರಸ್ಪರ ಮೋಸಹೋಗಿ ಡಾಂಬರಿಗೆ ಬೀಳುತ್ತವೆ. ರೌದ್ರವು ಬರಬೇಕಾದೆಡೆಯಲ್ಲಿ ಹಾಸ್ಯವು ಬಂದಿದೆ. ಆ ಆರೋಪಕ್ಕೆ ಇಷ್ಟೇ ಬೆಲೆಯೆಂಬುದು ಇಲ್ಲಿಯ ಧ್ವನಿ. ವಾಚ್ಯವಾಗಿ ಹೇಳಿದ್ದರೆ ಅದು ಬರಿಯ ಮೊಕದ್ದಮೆಯ ಜವಾಬಾಗುತ್ತಿತ್ತು.

ಪಕ್ಷಗಳ ವಿಷಯದಲ್ಲಿಯೂ ಕವಿಯ ತಕ್ಕಡಿಯು ಬಹುಮಟ್ಟಿಗೆ ನೇರವಾಗಿಯೇ ಇದೆ. ಗಿಬೆಲ್ಲೀನನಾದ ಫಾರಿನಾಟನು ಪಾಷಂಡಿಗಳ ಉರಿಯುವ ಗೋರಿಯಲ್ಲಿದ್ದಾನೆ. ಆದರೂ 1260ರ ಮೋಂಟಪರ್ತಿ ಕದನದ ತರುವಾಯ ಫ್ಲಾರೆನ್ಸನ್ನು ನೆಲಸಮಮಾಡಬೇಕೆಂದು ಗೆದ್ದವರೆಲ್ಲ ಹೇಳಿದಾಗ ತಾನೊಬ್ಬನೇ ಅದನ್ನು ತಡೆದೆನೆಂದು ಹೇಳುವ ಮಾತನ್ನು ಕವಿಯು ಅವನಿಗೆ ಮನಸಾರೆ ಕೊಟ್ಟಿದ್ದಾನೆ. ಸ್ವರ್ಗಕಾಂಡದಲ್ಲಿ ಜಸ್ಟೀನಿಯನ್ ಚಕ್ರವರ್ತಿಯು ಎರಡು ಪಕ್ಷಗಳನ್ನೂ ಒಂದೇ ಉಸಿರಿನಲ್ಲಿ ಖಂಡಿಸುತ್ತಾನೆ. ಎಲ್ಲಕ್ಕಿಂತ ಹಿರಿದಾದ ನಿದರ್ಶನವು ಬೋನಿಫೇಸನದು. ಅವನಿಗೆ ನರಕದಲ್ಲಿ ಸ್ಥಳವನ್ನು ಕಾದಿರಿಸಿದ ಕವಿಯೇ, 1303ರಲ್ಲಿ ಫ್ರಾನ್ಸಿನ ರಾಜನ ಕಡೆಯವರು ಅನಾನ್ಯಿಯಲ್ಲಿ ಅವನನ್ನು ಸೆರೆಹಿಡಿದುದನ್ನು ಕ್ರಿಸ್ತನಿಗೇ ಆದ ಅವಮಾನವೆಂದು ವರ್ಣಿಸುತ್ತಾನೆ. ವ್ಯಕ್ತಿಯು ಬೇರೆ, ಪೀಠವು ಬೇರೆ ಎಂಬ ಈ ವಿವೇಚನೆಯು ಕವಿಗೆ ಬಂದುದು ಅವನ ಕ್ರೈಸ್ತಶ್ರದ್ಧೆಯಿಂದ. ಪಕ್ಷಾಭಿಮಾನದಿಂದ ಇದು ಹುಟ್ಟಲಾರದು.

ಹಾಗಾದರೆ ಆ ಶ್ರದ್ಧೆಯೇ ಒಂದು ಪಕ್ಷವಲ್ಲವೆ? ಈ ಆಕ್ಷೇಪವನ್ನು ಕವಿಯೇ ಎತ್ತಿದ್ದಾನೆ. ಗುರುಗ್ರಹದಲ್ಲಿ ನ್ಯಾಯವಂತರಾದ ಅರಸರ ಆತ್ಮಗಳೆಲ್ಲ ಕೂಡಿ ಗರುಡಾಕೃತಿಯನ್ನು ತಾಳುತ್ತವೆ. ಅವರು ಹಲವರಾದರೂ ಗರುಡನು ‘ನಾನು’ ಎಂದೇ ನುಡಿಯುತ್ತಾನೆ, ‘ನಾವು’ ಎನ್ನುವುದಿಲ್ಲ. ಸಿಂಧೂತೀರದಲ್ಲಿ ಹುಟ್ಟಿ, ಕ್ರಿಸ್ತನ ಹೆಸರನ್ನೇ ಕೇಳದೆ, ನಿಷ್ಕಳಂಕವಾಗಿ ಬಾಳಿ ಸತ್ತವನನ್ನು ದಂಡಿಸುವ ನ್ಯಾಯವೆಲ್ಲಿಯದು ಎಂಬುದು ಅಲ್ಲಿಯ ಪ್ರಶ್ನೆ. ಭಾರತೀಯ ವಾಚಕನು ಇಲ್ಲಿ ತನ್ನ ನೆಲದ ಹೆಸರನ್ನು ಕೇಳಿ ಬೆಚ್ಚಿ ನಿಲ್ಲುವನು. ದೈವನ್ಯಾಯದ ಆಳವು ಮನುಷ್ಯದೃಷ್ಟಿಗೆ ನಿಲುಕದೆಂಬುದು ಗರುಡನ ಮೊದಲ ಉತ್ತರ. ಅಷ್ಟಕ್ಕೇ ನಿಲ್ಲಿಸದೆ, ಕ್ರಿಸ್ತನ ಹೆಸರನ್ನು ಕೂಗುವ ಅನೇಕರು ಆತನನ್ನರಿಯದವರಿಗಿಂತಲೂ ಆತನಿಂದ ದೂರವಾಗುವರೆಂದು ಎಚ್ಚರಿಸಿ, ನಾಣ್ಯವನ್ನು ಕೆಡಿಸಿದ ಫ್ರಾನ್ಸಿನ ದೊರೆ ಮೊದಲಾದ ಕ್ರೈಸ್ತರಾಜರ ಅಕ್ರಮಗಳನ್ನು ಸಾಲಾಗಿ ಹೇಳುತ್ತಾನೆ. ಮುಂದೆ ಗರುಡನ ಕಣ್ಣಿನಲ್ಲಿಯೇ ಟ್ರೇಜನ್ ಚಕ್ರವರ್ತಿಯೂ ಟ್ರಾಯ್ ನಗರದ ರಿಫಿಯಸನೂ ಬೆಳಗುತ್ತಾರೆ. ಇಬ್ಬರೂ ಅನ್ಯಮತದಲ್ಲಿ ಹುಟ್ಟಿದವರು.

ಇಷ್ಟಾದರೂ ಕವಿಯು ಎಲ್ಲೆಡೆಯೂ ಸಮದೃಷ್ಟಿಯುಳ್ಳವನೆಂದರೆ ಉತ್ಪ್ರೇಕ್ಷೆಯಾದೀತು. ಫಿಲಿಪ್ಪೊ ಆರ್ಜೆಂತಿಯನ್ನು ಕೆಸರಿನಲ್ಲಿ ಹರಿದು ಚಿಂದಿಮಾಡುವಾಗ ಯಾತ್ರಿಕನು ಪಡುವ ಹರ್ಷವನ್ನು ಧರ್ಮಕ್ರೋಧವೆಂದು ಸಮರ್ಥಿಸುವವರುಂಟು. ಅಲ್ಲಿ ಹಳೆಯ ಹಗೆಯ ವಾಸನೆ ಮರೆಯಾಗಿಲ್ಲ. ಶುದ್ಧಿಲೋಕದಲ್ಲಿ ಬುವೊನ್‌ಕೋಂತೆಯು ಕೊನೆಯ ಗಳಿಗೆಯ ಒಂದೇ ಕಣ್ಣೀರಹನಿಯಿಂದ ಪಾರಾಗುತ್ತಾನೆ. ಕಾವ್ಯದ ಕಥೆ ನಡೆಯುವ 1300ರಲ್ಲಿ ಇನ್ನೂ ಬದುಕಿದ್ದ ಬೋನಿಫೇಸನಿಗೆ ಮಾತ್ರ ಆ ಹನಿಯ ಅವಕಾಶವಿಲ್ಲ. ಕಾವ್ಯವು ತಾನೇ ಸ್ಥಾಪಿಸಿದ ಕರುಣೆಯ ನಿಯಮವನ್ನು ಇಲ್ಲಿ ಮೀರಿದಂತಾಯಿತು. ರಿಫಿಯಸನಿಗೆ ದೊರೆತ ಸ್ವರ್ಗವು ದಾರಿ ತೋರಿಸಿದ ವರ್ಜಿಲನಿಗೇಕೆ ದೊರೆಯಲಿಲ್ಲವೆಂಬುದಕ್ಕೂ ತೃಪ್ತಿಕರವಾದ ಸಮಾಧಾನವಿಲ್ಲ.

ಆದರೆ ಈ ಕುಂದುಗಳನ್ನು ಅಳೆಯಲು ಬೇಕಾದ ಮಾನದಂಡವನ್ನು ಒದಗಿಸಿದುದೂ ಆ ಕಾವ್ಯವೇ ಎಂಬುದನ್ನು ಮರೆಯಲಾಗದು. ತನ್ನನ್ನೂ ತೂಗಬಲ್ಲ ತಕ್ಕಡಿಯನ್ನು ವಾಚಕನ ಕೈಯಲ್ಲಿಟ್ಟು ಹೋಗುವುದು ಸೇಡಿನ ಕೆಲಸವಲ್ಲ. 1315ರಲ್ಲಿ ಅವಮಾನಕರವಾದ ಷರತ್ತುಗಳಿಗೆ ಒಪ್ಪಿದರೆ ಕ್ಷಮಿಸುವೆವೆಂದು ಫ್ಲಾರೆನ್ಸಿನವರು ಹೇಳಿದಾಗ ಡಾಂಟೆಯು ನಿರಾಕರಿಸಿದನು. 1321ರಲ್ಲಿ ರಾವೆನ್ನದಲ್ಲಿ ತೀರಿಕೊಂಡನು. ಫ್ಲಾರೆನ್ಸ್ ನಗರದ ಸಭೆಯು ಹಳೆಯ ತೀರ್ಪನ್ನು ರದ್ದುಮಾಡಬೇಕೆಂದು ನಿರ್ಣಯಿಸಿದುದು 2008ರಲ್ಲಿ. ಆ ವೇಳೆಗೆ ಅವನ ಕಾವ್ಯವು ಸುಮಾರು ಏಳು ಶತಮಾನಗಳಿಂದ ಲೋಕದ ಮುಂದೆ ತನ್ನ ಸಾಕ್ಷ್ಯವನ್ನು ನುಡಿಯುತ್ತಲೇ ಇದ್ದಿತು.