ಬ್ರಹ್ಮರಾಕ್ಷಸನೂ ಇಷ್ಟಲಿಂಗವೂ
(ಮಡಿಕೇರಿಯ ಒಂದು ಐತಿಹ್ಯದ ವಿಮರ್ಶೆ)

ಕೊಡಗಿನ ಮಡಿಕೇರಿಯಲ್ಲಿ ಓಂಕಾರೇಶ್ವರ ದೇವಾಲಯವಿದೆ. ನಡುವೆ ಗುಂಬಜು, ನಾಲ್ಕು ಮೂಲೆಗಳಲ್ಲಿ ಮಿನಾರುಗಳನ್ನು ಹೋಲುವ ಗೋಪುರಗಳು, ಎದುರಿಗೆ ಕೊಳ, ಕೊಳದ ನಡುವೆ ಮಂಟಪ. ಶಿವಾಲಯವೆಂದು ಹೇಳದಿದ್ದರೆ ದೂರದಿಂದ ದರ್ಗಾ ಎಂದು ಭ್ರಮಿಸುವಂತಹ ಕಟ್ಟಡವಿದು. ಹಾಲೇರಿ ವಂಶದ ಲಿಂಗರಾಜೇಂದ್ರನು 1820ರಲ್ಲಿ ಇದನ್ನು ಕಟ್ಟಿಸಿದನು. ಕಟ್ಟಿಸಿದುದರ ಕಾರಣವಾಗಿ ಒಂದು ಕಥೆ ಅಂದಿನಿಂದ ಇಂದಿನವರೆಗೂ ಜನರ ಬಾಯಲ್ಲಿ ಉಳಿದು ಬಂದಿದೆ. ಆ ಕಥೆಯನ್ನು ಕುರಿತು ಒಂದೆರಡು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಥೆ ಹೇಳುವುದಿಷ್ಟು: ರಾಜನು ತನ್ನ ಉದ್ದೇಶಕ್ಕೆ ಅಡ್ಡಿಯಾದ ಒಬ್ಬ ಸಾಧು ಬ್ರಾಹ್ಮಣನನ್ನು ಕೊಲ್ಲಿಸಿದನು. ಸತ್ತವನು ಬ್ರಹ್ಮರಾಕ್ಷಸನಾಗಿ ರಾಜನನ್ನು ಕಾಡತೊಡಗಿದನು. ರಾಜನಿಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ತಿಳಿದವರು ಕೊಟ್ಟ ಸಲಹೆಯಂತೆ ಆತನು ಕಾಶಿಯಿಂದ ಲಿಂಗವನ್ನು ತರಿಸಿ, ದೇವಾಲಯವನ್ನು ಕಟ್ಟಿಸಿ, ಪ್ರತಿಷ್ಠೆ ಮಾಡಿಸಿದನು. ಆಗ ಪ್ರೇತವು ಶಾಂತವಾಯಿತು. ಒಟ್ಟಿನಲ್ಲಿ ಅರಸನಿಗೂ ಮೃತ್ಯುರೂಪಿಯಾದ ಒಂದು ಶಕ್ತಿಗೂ ನಡೆದ ಒಪ್ಪಂದದ ಕಥೆಯಿದು. ಅರಸನು ಗುಡಿಯನ್ನು ಕೊಟ್ಟನು. ಪ್ರೇತವು ನಿದ್ದೆಯನ್ನು ಹಿಂದಿರುಗಿಸಿತು.

ಇದನ್ನು ಕೇವಲ ಅಡುಗೂಲಜ್ಜಿಯ ಕಥೆಯೆಂದು ತಳ್ಳಿಹಾಕುವವರಿದ್ದಾರೆ. ದೇವಾಲಯದ ಮಹಿಮೆಗೆ ಸಾಕ್ಷಿಯೆಂದು ಕೈಮುಗಿಯುವವರೂ ಇದ್ದಾರೆ. ಇಬ್ಬರೂ ಕಥೆಯನ್ನು ಪೂರ್ತಿಯಾಗಿ ಓದಲಿಲ್ಲವೆಂದೇ ನಮ್ಮ ಅಭಿಪ್ರಾಯ. ಐತಿಹ್ಯವೂ ಒಂದು ಕೃತಿಯೇ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಯಾರ ಪಕ್ಷದಲ್ಲಿ ನಿಂತು ಹೇಳುತ್ತದೆ ಎಂಬುದನ್ನು ಕಾವ್ಯವನ್ನು ಪರೀಕ್ಷಿಸಿದಂತೆಯೇ ಪರೀಕ್ಷಿಸಬೇಕು.

ಮೊದಲಿಗೆ ಕಥೆಯ ಗುಣವನ್ನು ಒಪ್ಪಿಕೊಳ್ಳೋಣ. ಅರಸನನ್ನು ವಿಚಾರಿಸುವ ನ್ಯಾಯಸ್ಥಾನ ಆ ಕಾಲದಲ್ಲಿ ಇರಲಿಲ್ಲ. ಆಳುವವನೇ ಕೊಂದಾಗ ದೂರು ಹೇಳುವುದು ಯಾರ ಬಳಿ? ಲೋಕದಲ್ಲಿ ದೊರೆಯದ ನ್ಯಾಯಾಧೀಶನನ್ನು ಜನರ ಕಲ್ಪನೆ ಪ್ರೇತಲೋಕದಿಂದ ಕರೆತಂದು ಅರಮನೆಯ ಶಯ್ಯಾಗೃಹದಲ್ಲಿ ಕೂರಿಸಿತು. ಕೊಂದವನು ಎಷ್ಟೇ ದೊಡ್ಡವನಾದರೂ ಕೊಲೆಯು ಕೊಲೆಯೇ ಎಂದು ಕಥೆ ಸಾರಿತು. ಆ ಮಟ್ಟಿಗೆ ಇದು ಪ್ರಜೆಗಳ ತೀರ್ಪು. ಪ್ರೇತವೆಂಬುದು ಅರಸನ ಅಂತಃಸಾಕ್ಷಿಗೆ ಜನರು ಕೊಟ್ಟ ಹೆಸರು ಎಂದರೂ ತಪ್ಪಾಗದು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ತೀರ್ಪನ್ನು ಕೊಟ್ಟ ಮೇಲೆ ರಾಜಿಯನ್ನೂ ಮಾಡಿಸುತ್ತದೆ. ನಮ್ಮ ಆಕ್ಷೇಪವಿರುವುದು ಈ ರಾಜಿಯ ವಿಷಯದಲ್ಲಿ.

ಹಾಲೇರಿಯ ಅರಸರು ಲಿಂಗವಂತರು. ಆ ವಂಶದ ಮೂಲಪುರುಷನು ಇಕ್ಕೇರಿಯ ಕಡೆಯಿಂದ ಜಂಗಮವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿದವನೆಂದು ಪ್ರತೀತಿ. ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದನು. ಲಿಂಗವಂತನೆಂದ ಮೇಲೆ ಎದೆಯ ಮೇಲೆ ಇಷ್ಟಲಿಂಗವಿದ್ದೇ ಇರಬೇಕು. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಭೂತಪ್ರೇತಗಳ ಭಯವಿಲ್ಲವೆಂದೂ, ಭಯದಿಂದ ಮಾಡಿದ ಪೂಜೆ ಪೂಜೆಯಲ್ಲವೆಂದೂ ಹನ್ನೆರಡನೆಯ ಶತಮಾನದ ಶರಣರು ಬಗೆಬಗೆಯಾಗಿ ಹೇಳಿದರು. ಅಂತಹ ಪರಂಪರೆಯ ಅರಸನು ಕೈಯಳತೆಯಲ್ಲಿದ್ದ ಲಿಂಗವನ್ನು ಬಿಟ್ಟು, ನೂರಾರು ಹರದಾರಿ ದೂರದ ಕಾಶಿಯಿಂದ ಸ್ಥಾವರಲಿಂಗವನ್ನು ತರಿಸಬೇಕಾಯಿತು! ವಾಚಕರು ಇದನ್ನು ಗಮನಿಸಬೇಕು. ಇಷ್ಟಲಿಂಗವು ಕೇಳುವುದು ನಡತೆಯ ಶುದ್ಧಿಯನ್ನು; ಸ್ಥಾವರಕ್ಕಾದರೋ ಕಲ್ಲು, ಗಾರೆ, ಹಣ ಸಾಕು. ಕೊಂದ ಕೈಯನ್ನು ಇಷ್ಟಲಿಂಗದ ಮುಂದೆ ಚಾಚುವುದು ಕಷ್ಟ. ಆದುದರಿಂದ ಅರಸನು ಸುಲಭವಾದುದನ್ನು ಆರಿಸಿಕೊಂಡನು ಎಂದು ಕಥೆಯೇ, ತನಗರಿವಿಲ್ಲದೆ, ಹೇಳಿಬಿಟ್ಟಿದೆ.

ಎರಡನೆಯ ಮಾತು. ಕಾಡಿದವನು ಬ್ರಾಹ್ಮಣನ ಪ್ರೇತವೇ ಏಕೆ? ಬ್ರಹ್ಮಹತ್ಯೆಗೆ ಪ್ರತ್ಯೇಕ ಪಾಪ, ಪ್ರತ್ಯೇಕ ಪ್ರಾಯಶ್ಚಿತ್ತವೆಂಬ ನಂಬಿಕೆಯ ಮೇಲೆ ಈ ಕಥೆ ನಿಂತಿದೆ. ಹಾಲೇರಿಯ ಕೊನೆಯ ಮೂವರು ಅರಸರು ಹಲವರನ್ನು ಕೊಲ್ಲಿಸಿದರೆಂದು 1855ರಲ್ಲಿ ಪ್ರಕಟವಾದ ಮೋಗ್ಲಿಂಗ್ ಪಾದ್ರಿಯ ಕೊಡಗಿನ ಗ್ರಂಥವು ಹೇಳುತ್ತದೆ. ಅದು ಕುಂಪಣಿಯ ಆಳ್ವಿಕೆ ನೆಲೆಗೊಂಡ ಮೇಲೆ ಬರೆದದ್ದು. ಹಿಂದಿನ ಅರಸರನ್ನು ಕಪ್ಪಾಗಿ ತೋರಿಸುವುದರಲ್ಲಿ ಅಂದಿನ ಬರಹಗಾರರಿಗೆ ಲಾಭವಿತ್ತೆಂಬುದನ್ನು ಮರೆಯಬಾರದು. ಆದರೂ ಅದರಲ್ಲಿ ಕಾಲು ಪಾಲು ನಿಜವಾದರೂ, ಸತ್ತವರಲ್ಲಿ ಒಕ್ಕಲಿಗನಿದ್ದಿರಬೇಕು, ಊಳಿಗದವನಿದ್ದಿರಬೇಕು, ಹೆಂಗಸರಿದ್ದಿರಬೇಕು. ಅವರಾರೂ ರಾಕ್ಷಸರಾಗಲಿಲ್ಲ, ಅವರಿಗಾಗಿ ಒಂದು ಕಲ್ಲೂ ಏಳಲಿಲ್ಲ. ಸತ್ತ ಮೇಲೂ ಕಾಡುವ ಅಧಿಕಾರವನ್ನು ಜಾತಿಯನ್ನು ನೋಡಿ ಹಂಚಿದ ಕಥೆಯಿದು. ಜಾತಿಸೂತಕವೂ ಸೇರಿದಂತೆ ಐದು ಸೂತಕಗಳನ್ನೂ ಅಲ್ಲಗಳೆದ ಧರ್ಮದವರು ಇದನ್ನು ಒಪ್ಪುವುದು ಹೇಗೆ? ಜೀವಗಳಿಗೆ ಮೇಲುಕೀಳಿನ ಬೆಲೆ ಕಟ್ಟುವುದನ್ನು ಶರಣರು ಒಪ್ಪಲಿಲ್ಲ.

ಮೂರನೆಯದಾಗಿ, ಈ ಕಥೆಯಲ್ಲಿ ಸತ್ತವನಿಗೆ ಮಾತಿಲ್ಲ. ಇದನ್ನು ಮೈಸೂರಿನ ಅಲಮೇಲಮ್ಮನ ಐತಿಹ್ಯದೊಡನೆ ಹೋಲಿಸಿ ನೋಡಿರಿ. ಹದಿನೇಳನೆಯ ಶತಮಾನದ ಆದಿಯಲ್ಲಿ ರಾಜ ಒಡೆಯರ ಕಾಲದಲ್ಲಿ ನಡೆಯಿತೆನ್ನುವ ಆ ಕಥೆಯಲ್ಲಿ ಅನ್ಯಾಯಕ್ಕೊಳಗಾದ ಹೆಂಗಸು ತಾನೇ ಬಾಯ್ತೆರೆದು ಶಾಪ ಕೊಡುತ್ತಾಳೆ. ತಲಕಾಡೂ ಮಾಲಂಗಿಯೂ ಅರಸನ ಸಂತತಿಯೂ ಆ ಮಾತಿನಲ್ಲಿ ಕಟ್ಟುಬೀಳುತ್ತವೆ. ಅರಮನೆಯವರು ಅವಳ ವಿಗ್ರಹವನ್ನು ಪೂಜಿಸಿದರೂ ಶಾಪವು ವಿಮೋಚನೆಯಾಯಿತೆಂದು ಕಥೆ ಹೇಳುವುದಿಲ್ಲ. ಅಲ್ಲಿ ನೊಂದವಳ ಹೆಸರೇ ಉಳಿದಿದೆ. ಕಲ್ಯಾಣದ ಕಥೆಯಲ್ಲಿಯೂ ಬಿಜ್ಜಳನು ಕೊಲ್ಲಿಸಿದ ಹರಳಯ್ಯ ಮಧುವರಸರ ಹೆಸರುಗಳನ್ನು ನಮ್ಮ ಮಕ್ಕಳೂ ಬಲ್ಲರು. ಮಡಿಕೇರಿಯ ಕಥೆಯಲ್ಲಿ ಸತ್ತವನು ಬಹುತೇಕ ಹೇಳಿಕೆಗಳಲ್ಲಿ ‘ಒಬ್ಬ ಬ್ರಾಹ್ಮಣ’ ಮಾತ್ರ. ಅವನ ಮನೆಯೆಲ್ಲಿ, ಅವನ ಹೆಂಡತಿ ಮಕ್ಕಳ ಗತಿಯೇನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ರಾಯಶ್ಚಿತ್ತವು ಕಾಶಿಗೆ ಹೋಗಿ ಬಂದಿತು. ಸತ್ತವನ ಮನೆಯ ಬಾಗಿಲಿಗೆ ಮಾತ್ರ ಹೋಗಲಿಲ್ಲ. ಹೀಗಾಗಿ ಪ್ರಜೆಗಳ ತೀರ್ಪಾಗಿ ಆರಂಭವಾದ ಕಥೆ ಅರಮನೆಯ ಸಮಾಧಾನವಾಗಿ ಮುಗಿಯುತ್ತದೆ.

ರಾಜಿಯಾದರೂ ನಿಂತಿತೆ? ಚರಿತ್ರೆಯನ್ನು ನೋಡೋಣ. ದೇವಾಲಯವು ಎದ್ದ 1820ರಲ್ಲಿಯೇ ಲಿಂಗರಾಜೇಂದ್ರನು ತೀರಿಕೊಂಡನು. ಆತನ ಗದ್ದಿಗೆ ಅದೇ ಮಡಿಕೇರಿಯಲ್ಲಿದೆ. ದೇವಾಲಯದ ಮೇಲಿರುವಂತಹ ಗುಂಬಜೇ ಗದ್ದಿಗೆಯ ಮೇಲೆಯೂ ಇದೆ. ಮಗ ಚಿಕ್ಕವೀರರಾಜೇಂದ್ರನನ್ನು ಕುಂಪಣಿಯವರು 1834ರಲ್ಲಿ ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. ತಂದೆ ಯಾವ ಊರಿನಿಂದ ಲಿಂಗವನ್ನು ತರಿಸಿದನೋ ಆ ಊರಿಗೇ ಮಗನು ಸೆರೆಯಾಳಾಗಿ ಹೋದನು. 1852ರಲ್ಲಿ ಆತನು ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿತ್ತಳು. ಅರಸನು 1859ರಲ್ಲಿ ಅಲ್ಲಿಯೇ ಸತ್ತನು. ಮಗಳೂ 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ತೀರಿಕೊಂಡಳು. ಇದನ್ನೆಲ್ಲ ಒಟ್ಟಿಗಿಟ್ಟು ನೋಡುವ ಓದುಗನಿಗೆ, ಬ್ರಹ್ಮರಾಕ್ಷಸನು ಅರಸನನ್ನು ಬಿಟ್ಟು ಅವನ ಸಂತತಿಯನ್ನು ಹಿಡಿದನೋ ಎಂಬ ಶಂಕೆ ಮೂಡುವುದು ಸಹಜ.

ಆದರೆ ಈ ಶಂಕೆಗೆ ಪ್ರೇತದ ಅವಶ್ಯಕತೆಯಿಲ್ಲ. ಸಂತತಿಯನ್ನು ಕಟ್ಟಿಹಾಕಿದ ಒಪ್ಪಂದವೊಂದು ನಿಜವಾಗಿಯೂ ನಡೆದಿತ್ತು; ಅದು ನಡೆದುದು ಕಾಗದದ ಮೇಲೆ. ಲಿಂಗರಾಜೇಂದ್ರನ ಅಣ್ಣ ದೊಡ್ಡವೀರರಾಜೇಂದ್ರನು ಟೀಪುವಿನ ಸೆರೆಯಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, ಹಾಳಾಗಿದ್ದ ನಾಡನ್ನು ಮತ್ತೆ ಗೆದ್ದ ಶೂರ. ದಿಕ್ಕುಗಾಣದ ಆ ಹೊತ್ತಿನಲ್ಲಿ, 1790ರಲ್ಲಿ, ಆತನು ಈಸ್ಟ್ ಇಂಡಿಯಾ ಕುಂಪಣಿಯೊಡನೆ ಕರಾರು ಮಾಡಿಕೊಂಡನು. ಟೀಪುವಿನ ಭಯ ಹೋಯಿತು. ಆದರೆ ಕಪ್ಪ ಕಾಣಿಕೆಯ ಸಂಬಂಧ ಉಳಿಯಿತು. ಗಂಡುಮಕ್ಕಳಿಲ್ಲದ ಆತನು ಪತ್ನಿ ಮಹದೇವಮ್ಮನು 1807ರಲ್ಲಿ ತೀರಿಕೊಂಡ ಮೇಲೆ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಅದೇ ಕುಂಪಣಿಯನ್ನು ನೆಚ್ಚಿದನು, ಅವಳ ಹೆಸರಿನಲ್ಲಿ ಅವರಲ್ಲಿ ಹಣವನ್ನಿಟ್ಟನು. 1809ರಲ್ಲಿ ಆತನು ಕಣ್ಮುಚ್ಚಿದನು. 1811ರಲ್ಲಿ ಲಿಂಗರಾಜನು ಅಣ್ಣನ ಮಗಳನ್ನು ಬದಿಗೊತ್ತಿ ತಾನೇ ಪಟ್ಟವನ್ನೇರಿದಾಗ ಕುಂಪಣಿಯು ಸುಮ್ಮನಿತ್ತು. ಕೊನೆಗೆ ಚಿಕ್ಕವೀರರಾಜೇಂದ್ರನು ಲಂಡನ್ನಿನ ನ್ಯಾಯಾಲಯದಲ್ಲಿ ಕೇಳಿದುದೂ ದೊಡ್ಡಪ್ಪನಿಟ್ಟ ಆ ಹಣವನ್ನೇ. ಭಯದಲ್ಲಿ ಮಾಡಿದ ಕರಾರು ಮೊಮ್ಮಕ್ಕಳ ಕಾಲದವರೆಗೂ ಬಡ್ಡಿಯನ್ನು ಬೆಳೆಸಿತು. ಬ್ರಹ್ಮರಾಕ್ಷಸನ ಕಥೆಯನ್ನು ಹೇಳುವವರು ಈ ಎರಡನೆಯ ರಾಕ್ಷಸನನ್ನು ಮರೆತೇಬಿಡುತ್ತಾರೆ.

ದೊಡ್ಡವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ಯು 1807ರವರೆಗಿನ ವೃತ್ತಾಂತಕ್ಕೇ ನಿಲ್ಲುವುದರಿಂದ ಓಂಕಾರೇಶ್ವರದ ಮಾತು ಅಲ್ಲಿ ಬರುವಂತಿಲ್ಲ. ಈ ವಂಶದ ಪತನವನ್ನು ಸಾಹಿತ್ಯದ ಒರೆಗಲ್ಲಿಗೆ ಹಚ್ಚಿದವರು ಮಾಸ್ತಿಯವರು. 1956ರಲ್ಲಿ ಪ್ರಕಟವಾಗಿ, 1983ರ ಜ್ಞಾನಪೀಠ ಗೌರವದೊಡನೆ ನೆನೆಯಲ್ಪಡುವ ‘ಚಿಕವೀರ ರಾಜೇಂದ್ರ’ದಲ್ಲಿ ಅವರು ತಂದೆಯ ಪಾಪ ಮಗನಿಗೆ ತಗಲುವ ಬಗೆಯನ್ನು ಪ್ರೇತದ ಸಹಾಯವಿಲ್ಲದೆ ತೋರಿಸಿರುವರು. ಲಿಂಗರಾಜನು ಕೈಬಿಟ್ಟ ಭಗವತಿ, ಅರಮನೆಯಲ್ಲಿ ಬೆಳೆದು ಮಂತ್ರಿಯಾದ ಕುಂಟ ಬಸವ, ದುರ್ವ್ಯಸನದಲ್ಲಿ ಮುಳುಗಿದ ಅರಸ, ಎಲ್ಲವನ್ನೂ ನುಂಗಿಕೊಂಡ ರಾಣಿ ಗೌರಮ್ಮ: ಇವರ ನಡುವೆ ಹಿಂದಿನ ತಪ್ಪು ಮುಂದಿನ ತಪ್ಪನ್ನು ಹಡೆಯುತ್ತ ಹೋಗುತ್ತದೆ. ಪಿತೃಗಳ ಋಣವು ಬೆಳೆಸಿದ ರೀತಿಯ ಮೂಲಕ, ಮುಚ್ಚಿಟ್ಟ ಸತ್ಯದ ಮೂಲಕ ಸಂತತಿಗೆ ಬರುತ್ತದೆಯೆಂಬ ಈ ತಿಳಿವಳಿಕೆ ಐತಿಹ್ಯಕ್ಕಿಂತ ಪಕ್ವವಾದುದು. ಶರಣರ ವಿಚಾರಕ್ಕೂ ಹತ್ತಿರವಾದುದು.

ಹಾಗಾದರೆ ಆ ವಂಶದ ಹೆಸರು ಶಾಪಗ್ರಸ್ತವಾಗಿ ಅಳಿಯಿತೆ? ಅದೂ ನಿಜವಲ್ಲ. ಪಟ್ಟ ಹೋದ ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರಸುಳ್ಯದ ರೈತರು ಕುಂಪಣಿಯ ವಿರುದ್ಧ ಎದ್ದರು. ಅವರು ಎತ್ತಿ ಹಿಡಿದುದು ಕಲ್ಯಾಣಸ್ವಾಮಿಯ ಹೆಸರನ್ನು, ಹಾಲೇರಿಯ ವಂಶದವನೆಂದು ಜನರು ನಂಬಿದ್ದ ಜಂಗಮನೊಬ್ಬನ ಹೆಸರನ್ನು. ಗುಡ್ಡೆಮನೆ ಅಪ್ಪಯ್ಯಗೌಡರು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿದರು. ಜಂಗಮವೇಷದಲ್ಲಿ ಆರಂಭವಾದ ವಂಶದ ಕಥೆ ಜಂಗಮನ ಹೆಸರಿನಲ್ಲಿ ಸತ್ತವರ ತ್ಯಾಗದೊಡನೆ ಮುಗಿದುದು ಚಿಂತನೀಯ. ಅರಸನು ಪ್ರೇತಕ್ಕೆ ಕೊಟ್ಟ ಗುಡಿಗಿಂತ ಪ್ರಜೆಗಳು ಆ ಹೆಸರಿಗೆ ಕೊಟ್ಟ ಪ್ರಾಣ ದೊಡ್ಡದು.

ಇಷ್ಟನ್ನು ಹೇಳಿದುದು ದೇವಾಲಯವನ್ನು ಹಳಿಯಲಿಕ್ಕಲ್ಲ. ಅದು ಸುಂದರವಾದ ಕಟ್ಟಡ. ಹಿಂದೂ ಮುಸ್ಲಿಂ ಶಿಲ್ಪಗಳು ಒಂದೆಡೆ ಕೂಡಿದ ಅಪೂರ್ವ ಸ್ಥಾನ. ಆದರೆ ಅದರ ಕಥೆಯನ್ನು ನಮ್ಮ ಮನೆಗೆ ತಂದುಕೊಳ್ಳುವಾಗ ಎಚ್ಚರ ಬೇಕು. ಲಿಂಗವಂತರೆನಿಸಿಕೊಂಡ ಮನೆಗಳಲ್ಲಿಯೂ ಕಷ್ಟ ಬಂದೊಡನೆ ಪಿತೃದೋಷ, ಪ್ರೇತಬಾಧೆ ಎಂದು ಶಾಂತಿ ಮಾಡಿಸಲು ಓಡುವವರಿದ್ದಾರೆ. ಅಂಥವರನ್ನು ಎರಡು ಮಾತು ಕೇಳಬಹುದು: ನಿಮ್ಮ ಹಿರಿಯರಿಂದ ಅನ್ಯಾಯಕ್ಕೊಳಗಾದವರು ಯಾರಾದರೂ ಇದ್ದಾರೆಯೆ? ಇದ್ದರೆ ಅವರ ಮನೆಯ ಬಾಗಿಲಿಗೆ ಹೋಗಿ ತಲೆಬಾಗಿದಿರಾ? ಹೊಲದ ಬದುವನ್ನು ಒತ್ತಿಕೊಂಡಿದ್ದರೆ ಬಿಟ್ಟುಕೊಡಬೇಕು. ತಂಗಿಯ ಪಾಲನ್ನು ನುಂಗಿದ್ದರೆ ಹಿಂದಿರುಗಿಸಬೇಕು. ಆಳಿನ ಕೂಲಿ ಉಳಿದಿದ್ದರೆ ತೀರಿಸಬೇಕು. ಇದನ್ನು ಮಾಡಿದವನ ಮನೆಗೆ ಯಾವ ರಾಕ್ಷಸನೂ ಬರುವುದಿಲ್ಲ. ಇದನ್ನು ಬಿಟ್ಟವನು ಕಾಶಿಯಿಂದ ನೂರು ಲಿಂಗಗಳನ್ನು ತರಿಸಿದರೂ ಎದೆಯ ಮೇಲಿನ ಒಂದು ಲಿಂಗಕ್ಕೆ ಉತ್ತರ ಹೇಳಬೇಕಾದುದು ತಪ್ಪುವುದಿಲ್ಲ.